ಬಿಸಿಲ ಬದಿಯ ಹೊಂಗೆ

ನಾನೊಂದು ಹೊಂಗೆ ಮರ. ಹುಬ್ಬಳ್ಳಿಯವರ ಬಾಯಲ್ಲಿ ಹೊಂಗಿ ಗಿಡ. ಮುಗಿಲು ಮುಟ್ಟಿದರೂ ಈ ಊರಿನವರು ಮರ ಅನ್ನುವುದಿಲ್ಲ, ಗಿಡ ಅಂತಲೇ ಅನ್ನುತ್ತಾರೆ. ಹೋಗಲಿ ಬಿಡಿ, ಅದಕ್ಕೆ ನನ್ನ ತಕರಾರಿಲ್ಲ. ಎದುರಿನವಳನ್ನೂ ಹಾಗೇ ಕರೆಯುತ್ತಾರಲ್ಲ, ಅಷ್ಟು ಸಾಕು ನನಗೆ. ಎದುರಿನವಳು ಅಂದರೆ ನನ್ನ ತಂಗಿ. ರಸ್ತೆಯ ಆಚೆ, ಹೆಣ್ಣುಮಕ್ಕಳ ಶಾಲೆಯ ಕಂಪೌಂಡಿನೊಳಗೆ ನಿಂತಿದ್ದಾಳೆ. ನನ್ನ ಕಥೆಯಲ್ಲಿ ಅವಳ ಸುದ್ದಿ ಎತ್ತಬಾರದೆಂದೇ ಇದ್ದೆ. ನೋಡಿ, ನಾಲ್ಕು ಮಾತು ಆಡುವಷ್ಟರಲ್ಲಿ ಬಂದು ಕೂತುಬಿಟ್ಟಳು.

ಹೊಂಗೆಯ ಕಾಯಿಯಲ್ಲಿ ಸಾಮಾನ್ಯವಾಗಿ ಒಂದೇ ಬೀಜ ಇರುತ್ತದೆ. ನಮ್ಮ ಕಾಯಿಯಲ್ಲಿ ಎರಡಿದ್ದವು. ಹುಟ್ಟುವ ಮೊದಲೇ ಜಾಗಕ್ಕಾಗಿ ಒಬ್ಬರನ್ನೊಬ್ಬರು ಒತ್ತಿಕೊಂಡು ಮಲಗಿದವರು ನಾವು. ಧಾರವಾಡದ ಕಡೆಯ ಒಂದು ನರ್ಸರಿಯಲ್ಲಿ ಆ ಕಾಯಿಯನ್ನು ಒಡೆದು, ನಮ್ಮನ್ನು ಎರಡು ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಊರಿದರು. ನಾನು ಒಂದು ದಿನ ಮೊದಲು ಮೊಳೆತೆ, ಹಾಗಾಗಿ ಅಕ್ಕನಾದೆ. ಅಕ್ಕನೆಂಬ ಗೌರವ ಅವಳಿಂದ ಒಂದು ದಿನವೂ ಸಿಗಲಿಲ್ಲ. ಚೀಲಗಳು ಅಕ್ಕಪಕ್ಕದಲ್ಲೇ ಇದ್ದವು. ನೀರು ಹಾಕುವ ಹೆಂಗಸು ಅವಳಿಗೆ ಒಂದು ಹನಿ ಹೆಚ್ಚು ಹಾಕುತ್ತಿದ್ದಳೆಂದು ನನಗೆ ಆಗಲೇ ಗುಮಾನಿ ಇತ್ತು.

ಒಂದು ವರ್ಷದವರಾದಾಗ ನಮ್ಮನ್ನು ಈ ಶಾಲೆಗೆ ತಂದರು. ಶಾಲೆಯ ಮಾಲಿ ಮೌಲಾಸಾಬ ನಾಲ್ಕು ಗುಂಡಿ ತೋಡಿಟ್ಟಿದ್ದ. ಬಂದ ಸಸಿಗಳು ಐದು. ಮೂರನ್ನು ನೆಟ್ಟು ಮುಗಿಸಿ, ನಾಲ್ಕನೆಯ ಗುಂಡಿಯ ಮುಂದೆ ಅವನು ನಿಂತಾಗ ಬಲಗೈಯಲ್ಲಿ ತಂಗಿ ಇದ್ದಳು, ಎಡಗೈಯಲ್ಲಿ ನಾನಿದ್ದೆ. ಬಲಗೈ ಕೆಳಗೆ ಬಾಗಿತು. ಎರೆಹುಳು ಹುಡಿಮಾಡಿದ ಮೆತ್ತನೆ ಮಣ್ಣು, ಮೇಲೆ ಎರಡು ಬುಟ್ಟಿ ಸಗಣಿಗೊಬ್ಬರ, ಪಕ್ಕದಲ್ಲೇ ನೀರಿನ ನಲ್ಲಿ. ಎಲ್ಲ ಅವಳ ಪಾಲಾಯಿತು.

"ಒಂದ ಹೆಚ್ಚಿಗಿ ಬಂದೈತ್ರಿ ಅಕ್ಕೋರ, ಇದನ್ನೇನ ಮಾಡ್ಲಿ?" ಎಂದು ಅವನು ಶಾಲೆಯ ಮುಖ್ಯಸ್ಥೆ ದೊಡ್ಡ ಅಕ್ಕೋರನ್ನು ಕೇಳಿದ.

"ಒಗ್ಯೂದ್ಯಾಕ? ರಸ್ತೆದ ಆ ಕಡೆ ಹಚ್ಚಿಬಿಡು" ಎಂದು ಅವರು ಕಿಟಕಿಯಿಂದಲೇ ಹೇಳಿದರು.

ಹೆಚ್ಚಿಗಿ! ಆ ಮಾತು ಈಗಲೂ ನನ್ನ ತೊಗಟೆಯೊಳಗೆ ಚುಚ್ಚುತ್ತದೆ. ಮೌಲಾಸಾಬ ರಸ್ತೆ ದಾಟಿ, ಫುಟ್‌ಪಾತಿನ ಒಂದು ಹಾಸುಗಲ್ಲನ್ನು ಹಾರೆಯಿಂದ ಎಬ್ಬಿಸಿ, ಜಲ್ಲಿ, ಇಟ್ಟಿಗೆ ಚೂರುಗಳ ನಡುವೆ ಗೇಣುದ್ದದ ಗುಂಡಿ ಮಾಡಿ ನನ್ನನ್ನು ಇಳಿಸಿದ. "ಇಲ್ಲೇ ಬದುಕವ್ವಾ ನೀ. ದೇವ್ರ ನೋಡ್ಕೊಂತಾನ" ಎಂದು ಒಂದು ತಂಬಿಗೆ ನೀರು ಹೊಯ್ದು ಹೋದ. ದೇವರು ನೋಡಿಕೊಳ್ಳುವಷ್ಟು ಜಾಗವೂ ಅಲ್ಲಿರಲಿಲ್ಲ.

ಆದರೆ ಒಂದು ಆಶ್ಚರ್ಯವಾಯಿತು. ನಾನು ಸಾಯಲಿಲ್ಲ. ಸಾಯುವುದಿರಲಿ, ಸರಸರನೆ ಬೆಳೆದೆ! ಬೇಸಿಗೆಯಲ್ಲಿ ಕಾದ ಡಾಂಬರು, ಚಳಿಗಾಲದಲ್ಲೂ ಬಿಸಿ ಆರದ ಗೋಡೆ, ಇವುಗಳ ನಡುವೆ ನನ್ನ ಮೈಗೆ ಜಡ ಹಿಡಿಯುವ ಕಾಲವೇ ಬರಲಿಲ್ಲ. ಕಾರ್ತಿಕದಲ್ಲಿ ತಂಗಿ ಇಬ್ಬನಿ ಹೊದ್ದು ತೂಕಡಿಸುತ್ತಿದ್ದರೆ ನಾನು ಹೊಸ ಕೊಂಬೆ ಬಿಡುತ್ತಿದ್ದೆ. ಐದೇ ವರ್ಷಕ್ಕೆ ನಾನು ದೀಪದ ಕಂಬದ ಅರ್ಧಕ್ಕೆ ಬಂದೆ. ಅವಳು ಶಾಲೆಯ ಕಂಪೌಂಡ್ ಗೋಡೆಯ ಮೇಲೆ ಇಣುಕಲೂ ಕಾಲ್ಬೆರಳ ಮೇಲೆ ನಿಲ್ಲಬೇಕಿತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನೂ ಹಿಡಿದೆ. ಗಾಳಿ ಬಂದಾಗಲೆಲ್ಲ ಅವಳ ಕಡೆಗೇ ಎಲೆ ಅಲ್ಲಾಡಿಸಿ ತೋರಿಸುತ್ತಿದ್ದೆ.

ಆರನೆಯ ವರ್ಷ ದಾಕ್ಷಕ್ಕ ಬಂದಳು. ದಾಕ್ಷಾಯಿಣಿ ಮಡಿವಾಳರ ಅಂತ ಪೂರ್ತಿ ಹೆಸರು. ಇಸ್ತ್ರಿ ಮಾಡುವವಳು. ನಾಲ್ಕು ಗಾಲಿಯ ಗಾಡಿ, ಅದರ ಮೇಲೆ ಕಂಬಳಿ ಹಾಸಿದ ಹಲಗೆ, ಕೆಂಡ ತುಂಬುವ ಹಿತ್ತಾಳೆಯ ಇಸ್ತ್ರಿಪೆಟ್ಟಿಗೆ, ಇವಿಷ್ಟು ಅವಳ ಸಂಸಾರ. ಮೊದಲು ಹೋಗಿದ್ದು ಎಲ್ಲಿಗೆ ಹೇಳಿ? ಎದುರಿಗೆ. ತಂಗಿಯ ನೆರಳನ್ನು ಒಮ್ಮೆ ನೋಡಿ, "ಅಯ್ಯ, ಇದರ ನೆಳ್ಳಾಗ ನನ್ನ ಚಪ್ಪಲ್ ಸೈತ ಹಿಡಿಯಂಗಿಲ್ಲ" ಎಂದು ಗಾಡಿ ತಿರುಗಿಸಿ ನನ್ನ ಬುಡಕ್ಕೆ ತಂದು ನಿಲ್ಲಿಸಿದಳು. ಆ ದಿನದ ಖುಷಿಯನ್ನು ಏನೆಂದು ಹೇಳಲಿ! ಮರುದಿನ ನನ್ನ ಮೈಗೆ ಎರಡು ಮೊಳೆ ಹೊಡೆದು ಅಂಗಿಗಳನ್ನು ತೂಗುಹಾಕಿದಳು. ನೋವಾಯಿತು, ಸುಳ್ಳೇಕೆ ಹೇಳಲಿ. ಆದರೆ ಎದುರಿನವಳ ಮೈಗೆ ಯಾರಾದರೂ ಒಂದು ಮೊಳೆ ಹೊಡೆದಿದ್ದಾರೆಯೇ?

ಅಂದಿನಿಂದ ದಾಕ್ಷಕ್ಕ ನನ್ನವಳು. ಬೆಳಗಿನಿಂದ ಸಂಜೆಯ ತನಕ ಮಾತಾಡುತ್ತಲೇ ಇಸ್ತ್ರಿ ಉಜ್ಜುವಳು. ಕೇಳುವವರಿದ್ದರೆ ಅವರೊಂದಿಗೆ, ಇಲ್ಲದಿದ್ದರೆ ನನ್ನೊಂದಿಗೆ. ಗಂಡ ತೀರಿಹೋದದ್ದು, ಮಗಳನ್ನು ಗದಗಿಗೆ ಕೊಟ್ಟದ್ದು, ವಕೀಲರ ಬಿಳಿ ಅಂಗಿಯ ಮೇಲೆ ವೀಳ್ಯದ ಕಲೆ ಇದ್ದದ್ದು, ಎಲ್ಲವೂ ನನಗೆ ಗೊತ್ತು. ಅರಿವೆಗೆ ಚಿಮುಕಿಸಿ ಉಳಿದ ನೀರನ್ನು ಸಂಜೆ ನನ್ನ ಬುಡಕ್ಕೆ ಸುರಿದೇ ಮನೆಗೆ ಹೋಗುವಳು. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಅಂತಾರಲ್ಲ, ಹಾಗೆ ಎದುರಿನವಳಿಗೆ ಮಣ್ಣಿತ್ತು, ನಲ್ಲಿಯಿತ್ತು, ದಾಕ್ಷಕ್ಕನಿರಲಿಲ್ಲ. ಅವಳಿಗೆ ಹೊಟ್ಟೆ ಉರಿಯುತ್ತಿರಲಿ ಎಂದು ನಾನು ಬಯಸಿದ್ದುಂಟು. ಆ ಮಹಾತಾಯಿಗೆ ಅದೂ ಬರುತ್ತಿರಲಿಲ್ಲ.

ಪ್ರತಿವರ್ಷ ದೀಪಾವಳಿ ಮುಗಿದ ವಾರ ಒಬ್ಬ ಮೇಡಂ ಬರುತ್ತಿದ್ದರು. ಕಾಲೇಜಿನಲ್ಲಿ ಗಿಡಮರಗಳ ಪಾಠ ಹೇಳುವ ಕುಮುದಾ ಬೆಣ್ಣೂರ. ಊರಿನ ಬಿಸಿ ಗಿಡಗಳನ್ನು ಏನು ಮಾಡುತ್ತದೆಂದು ನೋಡುವುದು ಅವರ ಕೆಲಸ. ನನ್ನ ಸೊಂಟಕ್ಕೆ ಟೇಪು ಸುತ್ತಿ ಬರೆದುಕೊಂಡು, ರಸ್ತೆ ದಾಟಿ ತಂಗಿಯ ಸೊಂಟಕ್ಕೂ ಸುತ್ತುವರು. ಮೊದಲ ಸಲ ಅಳೆದಾಗ ನಾನು ಅವಳಿಗಿಂತ ನಾಲ್ಕು ಬೆರಳು ದಪ್ಪವಿದ್ದೆ.

"ಒಂದ ಕಾಯ್ಯಾಗಿನ ಅಕ್ಕತಂಗೇರು ಅಂತ ಮೌಲಾಸಾಬ ಅಂತಾನ. ಮತ್ತ ನಮ್ಮ ಗಿಡಾ ನೋಡ್ರಿ ಮೇಡಂ, ಹೆಂಗ ಬೆಳದೈತಿ!" ಎಂದು ದಾಕ್ಷಕ್ಕ ಹೆಮ್ಮೆಪಟ್ಟಳು. ನಮ್ಮ ಗಿಡ! ಕೇಳಿದಿರಾ?

ಮೇಡಂ ನಗಲಿಲ್ಲ. "ಬಿಸಿ ಇದ್ದಲ್ಲಿ ಲಗೂ ಬೆಳಿತಾವ ದಾಕ್ಷಕ್ಕ, ಸಣ್ಣವಿದ್ದಾಗ" ಎಂದರು. "ಲಗೂ ಬೆಳೆದದ್ದು ಲಗೂ ಮುದುಕ ಆಗ್ತೈತಿ. ತಂಪಿನಾಗಿಂದು ತಡಾ ಮಾಡ್ತೈತಿ, ಆದ್ರ ಬಾಳ್ತೈತಿ."

ಈ ಮೇಡಂಗೆ ನನ್ನ ಮೇಲೆ ಕಣ್ಣು ಎಂದುಕೊಂಡೆ. ತಂಗಿಯ ಪಕ್ಷದವರೆಂದು ಅವರನ್ನು ಆ ದಿನವೇ ಲೆಕ್ಕದಿಂದ ತೆಗೆದುಹಾಕಿದೆ.

ನನಗೆ ಹನ್ನೆರಡು ತುಂಬಿದಾಗ ನನ್ನ ಬೆನ್ನ ಹಿಂದಿದ್ದ ಹಳೆಯ ಹೆಂಚಿನ ಮನೆ ಕೆಡವಿ ಮೂರು ಮಹಡಿಯ ಬಟ್ಟೆ ಅಂಗಡಿ ಕಟ್ಟಿದರು. ಮುಂಭಾಗವೆಲ್ಲ ಗಾಜು. ಪಶ್ಚಿಮದ ಬಿಸಿಲು ಆ ಗಾಜಿಗೆ ಬಡಿದು ನನ್ನ ಬೆನ್ನಿಗೆ ಬೀಳತೊಡಗಿತು. ಎದುರಿನಿಂದ ಒಬ್ಬ ಸೂರ್ಯ, ಹಿಂದಿನಿಂದ ಇನ್ನೊಬ್ಬ! ಅದು ಸಾಲದೆಂಬಂತೆ ಎಸಿಯ ಆರು ಪೆಟ್ಟಿಗೆಗಳು ನನ್ನ ಕೊಂಬೆಗಳಿಗೆ ಮುಖಮಾಡಿ ಇಡೀ ದಿನ ಬಿಸಿಯುಸಿರು ಬಿಡುತ್ತಿದ್ದವು. ಒಳಗಿನವರು ತಣ್ಣಗಿರಲೆಂದು ನಾನು ಬೇಯುತ್ತಿದ್ದೆ. ಬುಡದ ಸುತ್ತ ಹೊಸ ಫುಟ್‌ಪಾತಿನ ಸಿಮೆಂಟು ಹಾಕಿದರು. ದಾಕ್ಷಕ್ಕ ಸುರಿಯುವ ನೀರೂ ಗಟಾರಕ್ಕೆ ಹರಿದು ಹೋಗತೊಡಗಿತು.

ಮನುಷ್ಯರಿಗೆ ಗೊತ್ತಿಲ್ಲದ್ದೊಂದು ಹೇಳುತ್ತೇನೆ. ಮರವೆಂದರೆ ಬಿಸಿಲಿದ್ದಷ್ಟೂ ಅಡುಗೆ ಮಾಡಿಕೊಳ್ಳುತ್ತದೆಂದು ನೀವು ತಿಳಿದಿದ್ದೀರಿ. ಇಲ್ಲ. ಬಿಸಿ ಮಿತಿಮೀರಿದರೆ ನೀರು ಆರಿಹೋಗಬಾರದೆಂದು ನಾವು ಎಲೆಯ ಬಾಗಿಲುಗಳನ್ನೆಲ್ಲ ಹಾಕಿಕೊಳ್ಳುತ್ತೇವೆ. ಬಾಗಿಲು ಹಾಕಿದರೆ ಒಲೆ ಹತ್ತುವುದಿಲ್ಲ. ಹಗಲೆಲ್ಲ ಉಪವಾಸ. ಕತ್ತಲಾದರೂ ಡಾಂಬರು ತಣಿಯುವುದಿಲ್ಲ, ಮೈ ಬಿಸಿಯಿದ್ದರೆ ಕೂಡಿಟ್ಟದ್ದೂ ಉಸಿರಾಟಕ್ಕೇ ಕರಗಿಹೋಗುತ್ತದೆ. ತಂಗಿಗೆ ಮಣ್ಣಿನ ತಂಪಿತ್ತು. ದಿನವೂ ಉಂಡು, ದಿನವೂ ಉಳಿಸುತ್ತಿದ್ದಳು. ಸದ್ದಿಲ್ಲದೆ ಕಂಪೌಂಡಿನ ಗೋಡೆ ದಾಟಿ ರೆಂಬೆ ಚಾಚಿದಳು. ಹದಿನಾರನೆಯ ದೀಪಾವಳಿಗೆ ಮೇಡಂ ಟೇಪು ಸುತ್ತಿದಾಗ ಅವಳು ನನ್ನನ್ನು ದಾಟಿದ್ದಳು. ಆಮೇಲಿನ ವರ್ಷಗಳಲ್ಲಿ ನನ್ನ ಅಳತೆ ಅಲ್ಲಾಡಲೇ ಇಲ್ಲ. ತೊಗಟೆ ಪಶ್ಚಿಮಕ್ಕೆ ಸೀಳಿತು. ಬೇಸಿಗೆಗೆ ಬರಬೇಕಾದ ಚಿಗುರು ಸಂಕ್ರಾಂತಿಗೇ ಬಂದು, ಕರಕಲಾಗಿ ಉದುರಿತು. ಇಪ್ಪತ್ತು ತುಂಬುವ ಮೊದಲೇ ನಾನು ಮುದುಕಿ. ಅವಳಿಗೆ ಈಗಷ್ಟೇ ಪ್ರಾಯ. ಒಂದೇ ಕಾಯಿಯವರು ನಾವು, ನೆನಪಿರಲಿ!

ಹತ್ತೊಂಬತ್ತನೆಯ ವರ್ಷ, ಶಿವರಾತ್ರಿ ಕಳೆದ ಮೇಲೆ ದಾಕ್ಷಕ್ಕನಿಗೆ ಒಮ್ಮೆ ತಲೆಸುತ್ತು ಬಂತು. ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರಂತೆ: ಬಿಸಿಲಲ್ಲಿ ನಿಂತು ಕೆಂಡದ ಕೆಲಸ ಮಾಡಿದರೆ ಒಂದು ದಿನ ಎದ್ದೇಳುವುದಿಲ್ಲ. ಐವತ್ತೈದು ದಾಟಿದ ಜೀವ. ನನ್ನ ನೆರಳು ಆಗಲೇ ಜರಡಿಯಾಗಿತ್ತು. ಎದುರಿನ ಗೋಡೆಯ ಹೊರಗೆ ಗಾಡಿ ನಿಲ್ಲುವಷ್ಟು ಗಟ್ಟಿ ನೆರಳು ಬಿದ್ದಿತ್ತು.

ಮೌಲಾಸಾಬ ಬಂದು ಕರೆದ. "ಬಾರವ್ವಾ ಆ ಕಡೆ. ದೊಡ್ಡ ಅಕ್ಕೋರು ಹೂಂ ಅಂದಾರ. ಕಬ್ಬಿನ ಹಾಲಿನಾಂವ ಅದ ಜಾಗಾ ಕೇಳಾಕತ್ತಾನ. ನೀ ಬರೂದಾದ್ರ ಅವಗ ಇಲ್ಲಂತೀನಿ."

ದಾಕ್ಷಕ್ಕ ನನ್ನ ಬೋಳು ಕೊಂಬೆಗಳನ್ನು ನೋಡಿದಳು. "ಯುಗಾದಿ ತನಕಾ ತಡಿ ಕಾಕಾ. ಯುಗಾದಿಗೆ ಇದು ಚಿಗಿಲಿಲ್ಲಂದ್ರ ಬರ್ತೀನಿ. ಚಿಗಿತು ಅಂದ್ರ ಮಾತ್ರ ಬರಂಗಿಲ್ಲ. ಚಿಗಿತ ಗಿಡದ ಬುಡಾ ಬಿಟ್ಟ ಹೋದ್ರ ಕಸಬು ಕೈ ಹತ್ತಂಗಿಲ್ಲ ಅಂತ ನಮ್ಮತ್ತಿ ಹೇಳತಿದ್ಲು. ನಮ್ಮ ಮನಿತಾನದಾಗ ಅದನ್ನ ಯಾರೂ ಮೀರಿಲ್ಲ."

ನನಗೆ ಅಷ್ಟು ಸಾಕಾಯಿತು. ಯುಗಾದಿಗೆ ಹದಿನೆಂಟು ದಿನವಿತ್ತು. ನನ್ನ ಬೇರಿನ ಬುಡದಲ್ಲಿ ಹಳೆಯ ಒಳ್ಳೆಯ ದಿನಗಳ ಹಿಟ್ಟು ಒಂದಿಷ್ಟು ಉಳಿದಿತ್ತು. ಮರಗಳು ಅದನ್ನು ಮುಟ್ಟಬಾರದು, ಬರಗಾಲಕ್ಕೆಂದು ಇಟ್ಟದ್ದು. ನಾನು ಮುಟ್ಟಿದೆ. ಮುಟ್ಟಿದ್ದೇನು, ತಳ ಕೆರೆದೆ. ಆಕೆಯ ಮೇಲಿನ ಪ್ರೀತಿಗೆ ಎಂದು ಹೇಳಿದರೆ ಚೆನ್ನಾಗಿರುತ್ತದೆ. ನಿಜ ಹೇಳಲೇ? ದಾಕ್ಷಕ್ಕ ಗಾಡಿ ತಳ್ಳಿಕೊಂಡು ಆ ತಂಗಿಯ ಕೆಳಗೆ ಹೋಗಿ ನಿಲ್ಲುವುದನ್ನು ಕಣ್ಣಾರೆ ನೋಡಲು ನನ್ನಿಂದ ಆಗುತ್ತಿರಲಿಲ್ಲ. ಮಣ್ಣು ಅವಳಿಗೆ, ನೀರು ಅವಳಿಗೆ, ಗುಬ್ಬಿ ಗೊರವಂಕವೆಲ್ಲ ಅವಳಿಗೆ. ಇದೊಂದು ಜೀವವೂ ಅವಳಿಗೇಕೆ?

ಯುಗಾದಿಯ ಬೆಳಿಗ್ಗೆ ನಾನು ನೆತ್ತಿಯಿಂದ ಸೊಂಟದವರೆಗೆ ಚಿಗುರಿ ನಿಂತಿದ್ದೆ.

"ಯವ್ವಾ, ನಮ್ಮವ್ವಾ!" ಎಂದು ದಾಕ್ಷಕ್ಕ ಕೂಗಿದ್ದು ಶಾಲೆಯ ಆಚೆಗೂ ಕೇಳಿಸಿರಬೇಕು. ನನ್ನ ಕಾಂಡಕ್ಕೆ ಕುಂಕುಮ ಹಚ್ಚಿ, ಬೇವುಬೆಲ್ಲವನ್ನು ಬುಡದಲ್ಲಿಟ್ಟು ಕೈಮುಗಿದಳು. ಕಬ್ಬಿನ ಹಾಲಿನವನು ಅದೇ ವಾರ ತನ್ನ ಗಾಣವನ್ನು ತಂಗಿಯ ನೆರಳಿಗೆ ತಂದು ಹೂಡಿದ. ಗಿರಗಿರ ಸದ್ದು, ನೊಣ, ಸಿಪ್ಪೆಯ ರಾಶಿ. ಅನುಭವಿಸು ಎಂದುಕೊಂಡೆ.

ಬೆಣ್ಣೂರ ಮೇಡಂ ಆ ದಾರಿಯಲ್ಲಿ ಹೋಗುವಾಗ ನಿಂತು, ನನ್ನ ಒಂದು ಎಲೆಯನ್ನು ಬೆರಳಲ್ಲಿ ಹಿಡಿದು ನೋಡಿದರು. "ಎಷ್ಟ ಸಣ್ಣ ಅದಾವ ನೋಡ್ರಿ, ಎಷ್ಟ ತೆಳ್ಳಗ. ಇದು ಆರಾಮಾಗಿ ಚಿಗಿತದ್ದಲ್ಲ ದಾಕ್ಷಕ್ಕ, ಸಾಯೂ ಮುಂದ ಹಿಂಗ ಮಾಡ್ತಾವ. ನೀವು ಆ ಕಡೆ ಹೋಗ್ರಿ."

"ಮೇಡಂರಿ, ನೀವು ಪಟ್ಟಿ ಹಿಡದು ನೋಡ್ತೀರಿ. ನಾ ಹದಿಮೂರ ವರ್ಷ ಇದರ ಕೆಳಗ ನಿಂತು ನೋಡೇನಿ" ಎಂದು ದಾಕ್ಷಕ್ಕ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿದಳು. ನಾನು ಮೇಲಿನಿಂದ ಮೇಡಂರನ್ನು ನೋಡಿ ಬೀಗಿದೆ.

ನನ್ನ ಜಂಭ ಮೇ ತಿಂಗಳ ಎರಡನೆಯ ವಾರದವರೆಗೆ ಇತ್ತು. ಆ ವಾರ ಬಿಸಿಲು ಹುಚ್ಚು ಹಿಡಿದಂತೆ ಕಾಯಿತು. ಎಲೆಗಳ ಅಂಚು ಮೊದಲು ಹಳದಿಯಾಯಿತು, ಆಮೇಲೆ ಕಂದಿಹೋಯಿತು. ಹಿಡಿದುಕೊಳ್ಳಲು ನೋಡಿದೆ. ಒಳಗೆ ಏನೂ ಉಳಿದಿರಲಿಲ್ಲ. ನಾಲ್ಕು ದಿನದಲ್ಲಿ ಎಲ್ಲವೂ ದಾಕ್ಷಕ್ಕನ ಹಲಗೆಯ ಮೇಲೆ, ಮಡಿಚಿಟ್ಟ ಅಂಗಿಗಳ ಮೇಲೆ ಉದುರಿದವು. ಅವಳು ಒಂದೊಂದನ್ನೂ ಆರಿಸಿ ಪಕ್ಕಕ್ಕಿಟ್ಟು, "ಹೊಸಾವು ಬರ್ತಾವ ತಗೋ" ಎಂದು ನನಗೇ ಸಮಾಧಾನ ಹೇಳಿದಳು.

ಐದನೆಯ ದಿನ ಮಟಮಟ ಮಧ್ಯಾಹ್ನ ಇಸ್ತ್ರಿಪೆಟ್ಟಿಗೆ ಸರಿಯುವುದು ನಿಂತಿತು. ಬಟ್ಟೆ ಸುಟ್ಟ ವಾಸನೆ ಬಂತು. ದಾಕ್ಷಕ್ಕ ಗಾಡಿಯ ಕಾಲಿನ ಬಳಿ ಕುಸಿದಿದ್ದಳು. ಅವಳ ಮುಖದ ಮೇಲೆ ನೇರವಾಗಿ ಬಿಸಿಲು ಬಿದ್ದಿತ್ತು. ತಡೆಯಲು ನನ್ನಲ್ಲಿ ಒಂದು ಎಲೆಯೂ ಇರಲಿಲ್ಲ. ಕಬ್ಬಿನ ಹಾಲಿನವನು ಗಾಣ ಬಿಟ್ಟು ಓಡಿಬಂದ. ಮೌಲಾಸಾಬನೂ ಅವನೂ ಸೇರಿ ಅವಳನ್ನು ರಸ್ತೆ ದಾಟಿಸಿ ಹೊತ್ತೊಯ್ದು ತಂಗಿಯ ನೆರಳಲ್ಲಿ ಮಲಗಿಸಿದರು. ಶಾಲೆಯ ನಲ್ಲಿಯ ನೀರು ತಂದು ತಲೆಗೆ, ಕುತ್ತಿಗೆಗೆ ಹಾಕಿದರು.

ಆ ಹೊತ್ತಿನಲ್ಲಿ ನನಗೆ ಮೊದಲು ಏನನ್ನಿಸಿತು ಗೊತ್ತೇ? ಹೇಳಲು ನಾಚಿಕೆಯಾಗುತ್ತದೆ. ಅವಳ ಕೆಳಗೇ ಯಾಕೆ ಮಲಗಿಸಿದಿರಿ ಎನ್ನಿಸಿತು. ಅದರ ಹಿಂದೆಯೇ ಇನ್ನೊಂದು ಹೊಳೆಯಿತು: ಬೇರೆ ಎಲ್ಲಿ ಮಲಗಿಸಬೇಕಿತ್ತು? ನನ್ನ ಕೆಳಗೇ? ದಾಕ್ಷಕ್ಕ ಯುಗಾದಿಯಂದೇ ಆಚೆಗೆ ಹೋಗಬೇಕಾದವಳು. ನಾನು ಸುಳ್ಳು ಚಿಗುರು ತೋರಿಸಿ ಹಿಡಿದಿಟ್ಟೆ. ಆಟೋ ಬಂದು ಅವಳನ್ನು ಆಸ್ಪತ್ರೆಗೆ ಒಯ್ದಿತು. ಹನ್ನೊಂದು ದಿನ ಗಾಡಿ ನನ್ನ ಬುಡದಲ್ಲಿ ಒಂಟಿಯಾಗಿ ನಿಂತಿತ್ತು. ಅಷ್ಟೂ ದಿನ ನಾನು ತಂಗಿಯ ಕಡೆ ನೋಡಲಿಲ್ಲ.

ದಾಕ್ಷಕ್ಕ ಬದುಕಿ ಬಂದಳು. ಅರ್ಧಕ್ಕರ್ಧ ಇಳಿದಿದ್ದಳು, ಕೈ ನಡುಗುತ್ತಿತ್ತು. ಬಂದವಳು ಬುದ್ಧಿಯಿಂದ ಆಚೆಗೆ ಹೋಗಬೇಕಿತ್ತು. ಒಂದು ಹಳೆಯ ಕೊಡೆಯನ್ನು ನನ್ನ ಕೊಂಬೆಗೆ ಕಟ್ಟಿ ಮತ್ತೆ ಇಲ್ಲೇ ನಿಂತಳು! ಜೂನಿನಲ್ಲಿ ಮೃಗಶಿರೆಯ ಮಳೆ, ಇಲ್ಲಿಯವರ ಮಿರಗದ ಮಳೆ, ಹನಿಯಿತು. ಕಬ್ಬಿನ ಹಾಲಿನವನು ಹಂಗಾಮು ಮುಗಿಯಿತೆಂದು ಗಾಣ ಕಿತ್ತುಕೊಂಡು ಹೋದ. ಮೌಲಾಸಾಬ ಮತ್ತೆ ರಸ್ತೆ ದಾಟಿ ಬಂದ.

"ಜಾಗಾ ತೆರವ ಆತು. ಎಗ್ ರೈಸ್ ಗಾಡಿಯಾಂವ ನಿನ್ನೆಲಿಂದ ಬೆನ್ನು ಹತ್ಯಾನ. ಕಾರಹುಣ್ಣಿವಿ ತನಕಾ ತಡಿತೀನಿ. ಆಮ್ಯಾಲ ನನ್ನ ಕೈಯಾಗಿಲ್ಲವ್ವಾ. ಮುಂದಿನ ಬ್ಯಾಸಗಿ ನೀ ಇಲ್ಲೇ ನಿಂತಿ ಅಂದ್ರ ನಾವು ಹೊತಗೊಂಡ ಹೋಗೂದು ಆಸ್ಪತ್ರಿಗಲ್ಲ" ಎಂದು ಬಯ್ದ.

ಅದೇ ವಾರ ಬಂದ ಮೇಡಂ ನನ್ನ ಕಾಂಡ ಬಡಿದು ನೋಡಿ ಹೇಳಿದರು, "ಇದೊಂದು ಮಳಿಗೆ ಚಿಗಿತರ ಇನ್ನೆರಡು ವರ್ಷ ಜೀವಾ ಹಿಡೀತೈತಿ. ಚಿಗಿಲಿಲ್ಲಂದ್ರ ಮುಗೀತು."

"ಹಂಗಾರ ಚಿಗೀತೈತಿ" ಎಂದಳು ದಾಕ್ಷಕ್ಕ. ಅಂದಿನಿಂದ ದಿನವೂ ಒಂದು ಕೊಡ ನೀರು ಹೊತ್ತು ತಂದು ಸಿಮೆಂಟಿನ ಬಿರುಕಿಗೆ ಹುಡುಕಿ ಹುಡುಕಿ ಸುರಿದಳು. ನಡುಗುವ ಕೈಯಿಂದ ಕೊಂಬೆ ಬಗ್ಗಿಸಿ, ಉಗುರಿನಿಂದ ಗೀರಿ, ಒಳಗೆ ಹಸಿರಿದೆಯೇ ಎಂದು ನೋಡಿದಳು. ಹಸಿರಿತ್ತು. ಮೇಲಿನಿಂದ ಮಳೆ, ಕೆಳಗಿನಿಂದ ಅವಳ ನೀರು. ನನ್ನ ಐದಾರು ಕೊಂಬೆಗಳ ತುದಿಯಲ್ಲಿ ಚಿಗುರಿನ ಕಣ್ಣುಗಳು ಉಬ್ಬಿದ್ದವು. ಬಿಟ್ಟರೆ ಎರಡೇ ದಿನದಲ್ಲಿ ಎಲೆ. ಎರಡು ವರ್ಷದ ಜೀವ, ಜೊತೆಗೆ ದಾಕ್ಷಕ್ಕ. ಅವಳ ಅತ್ತೆಯ ಮಾತು ನನಗೂ ಬಾಯಿಪಾಠವಾಗಿತ್ತು. ಒಂದು ಎಲೆ ಕಂಡರೂ ಅವಳು ಕದಲುವುದಿಲ್ಲ. ಮುಂದಿನ ಮೇ ತಿಂಗಳೂ ಹಿಂದಿನ ಮೇ ತಿಂಗಳಂತೆಯೇ ಬರುತ್ತದೆ.

ನಾನು ಕಣ್ಣು ಬಿಡಲಿಲ್ಲ.

ಚಿಗುರುವುದು ಕಷ್ಟವೆಂದು ಯುಗಾದಿಯಲ್ಲಿ ತಿಳಿದಿದ್ದೆ. ಮಳೆಗಾಲದಲ್ಲಿ ಚಿಗುರದೆ ಇರುವುದರ ಮುಂದೆ ಅದು ಯಾವ ಲೆಕ್ಕ! ಊರಿನ ಗೋಡೆಗಳ ಮೇಲೂ ಹುಲ್ಲು ಬಂತು. ನಾನು ಹಲ್ಲುಕಚ್ಚಿ ನಿಂತೆ. ಕಾರಹುಣ್ಣಿಮೆಯ ಬೆಳಿಗ್ಗೆ ದಾಕ್ಷಕ್ಕ ನನ್ನ ಪ್ರತಿ ಕೊಂಬೆಯನ್ನೂ ನೋಡಿ ಮುಗಿಸಿ, ಹಣೆಯನ್ನು ನನ್ನ ಕಾಂಡಕ್ಕೆ ಒತ್ತಿ ನಿಂತಳು. "ಎಷ್ಟ ಹಟಾ ಮಾಡ್ತೀಯವ್ವಾ. ಚಿಗಿತರ ಹೊಳ್ಳಿ ಬರ್ತೀನಿ, ಆಣಿ ಮಾಡೇನಿ" ಎಂದು ಕಣ್ಣೊರೆಸಿಕೊಂಡು, ಕೊಡೆ ಬಿಚ್ಚಿ, ಗಾಡಿಯನ್ನು ರಸ್ತೆಯ ಆಚೆಗೆ ತಳ್ಳಿದಳು. ಮೌಲಾಸಾಬ ಗಾಲಿಯ ಕೆಳಗೆ ಕಲ್ಲು ಕೊಟ್ಟ. ತಂಗಿಯ ನೆರಳು ಗಾಡಿ, ಹಲಗೆ, ಆಕೆ, ಎಲ್ಲವನ್ನೂ ಪೂರ್ತಿ ಮುಚ್ಚಿತು.

ಅದಾಗಿ ಒಂದು ಬೇಸಿಗೆ ಕಳೆದಿದೆ. ದಾಕ್ಷಕ್ಕನ ಕೈ ನಡುಗುವುದು ನಿಂತಿದೆ, ದನಿ ಮೊದಲಿನಂತಾಗಿದೆ, ವಕೀಲರ ಅಂಗಿಗಳ ಸುದ್ದಿ ಈಗ ತಂಗಿಗೆ ಕೇಳಿಸುತ್ತದೆ. ನನ್ನ ಮೈಮೇಲೆ ಕೆಂಪು ಬಣ್ಣದಲ್ಲಿ ಒಂದು ನಂಬರು ಬರೆದು ಹೋಗಿದ್ದಾರೆ. ಮುಂದಿನ ಮಳೆಗೆ ಮೊದಲು ಕಡಿಯುತ್ತಾರಂತೆ. ಒಳಗೆ ಇನ್ನೂ ಒಂದು ಎಳೆ ಹಸಿರಿದೆ. ಯಾರಿಗೂ ಹೇಳಬೇಡಿ. ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳುತ್ತೀರಾ? ಎಲ್ಲಿಗೆ ಹೋಗುತ್ತದೆ? ದಾಕ್ಷಕ್ಕ ಅಲ್ಲಿ ನಕ್ಕರೆ ಇಲ್ಲಿ ನನ್ನ ಬೇರು ಉರಿಯುತ್ತದೆ. ಆದರೂ ಒಂದು ಮಾತಿದೆ. ತಂಗಿಯ ನೆರಳು ಎಷ್ಟು ಗಟ್ಟಿಯೆಂದರೆ ದಾಕ್ಷಕ್ಕ ಅವಳನ್ನು ತಲೆಯೆತ್ತಿ ನೋಡುವ ಪ್ರಸಂಗವೇ ಬರುವುದಿಲ್ಲ. ದಿನ ಬೆಳಗಾದರೆ ಅವಳ ಕೆಳಗೆ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು, ಚಿಗಿತೇನು ಎಂದು ರಸ್ತೆಯ ಈಚೆಗೆ ನೋಡುತ್ತಾಳೆ. ಆ ನೋಟ ನನ್ನದು. ಅದಕ್ಕೆ ಉತ್ತರ ಕೊಡದೆ ನಿಂತಿದ್ದೇನೆ.